ಸೈಕಲ್ ಏರಿದ ಕುದುರೆ

ಚಿಕ್ಕ ಮಕ್ಕಳ ವಿದ್ಯಾಭ್ಯಾಸ ಇವತ್ತು ಈ ಎತ್ತರಕ್ಕೆ ಬಂದು ನಿಂತಿದೆಯೆಂದರೆ ಅದಕ್ಕೆ ಮೂಲಕಾರಣ ನಾನು. ಈ ಮಾತನ್ನು ನಾನು ಹೇಳುತ್ತಿಲ್ಲ, ನನ್ನ ಕೆಲಸವೇ ಹೇಳುತ್ತದೆ. ಕೆಲಸಕ್ಕೆ ಬಾಯಿಲ್ಲದ ಕಾರಣ ಅದರ ಪರವಾಗಿ ನಾನು ಮಾತಾಡಬೇಕಾಗಿದೆ, ಅಷ್ಟೆ.

ಆಗ ನನಗೆ ಚಿತ್ರಗಳಿಗೆ ಕಟ್ಟು ಹಾಕುವ ಒಂದು ಅಂಗಡಿ ಇತ್ತು. ಅಂಗಡಿ ಎಂದರೆ ಒಬ್ಬನು ಒಳಗೆ ಬಂದರೆ ಇನ್ನೊಬ್ಬನು ಹೊರಗೆ ಹೋಗಬೇಕು, ಅಷ್ಟು ವಿಶಾಲ. ಆದರೆ ನನ್ನ ಗರಗಸದ ಕೀರ್ತಿ ಆ ಅಂಗಡಿಯಲ್ಲಿ ಹಿಡಿಸದೆ ಬೀದಿಗೆ ಸುರಿಯುತ್ತಿತ್ತು. ನೂಲಿನಷ್ಟು ಸಣ್ಣ ಅಲಗಿನ ಆ ಗರಗಸ ಹಿಡಿದು ಕೂತೆನೆಂದರೆ ಹಾರುವ ನೊಣದ ನೆರಳಿಗೂ ಅಂಚು ಬಿಡಿಸುತ್ತಿದ್ದೆ. ನೊಣಕ್ಕೆ ಗೊತ್ತಾಗುತ್ತಿರಲಿಲ್ಲ.

ನಮ್ಮಕ್ಕ ತನ್ನ ಗಂಡನ ಮನೆಯ ಮುಂಗೋಣೆಯಲ್ಲಿ ಒಂದು ಶಿಶುವಿಹಾರ ನಡೆಸುತ್ತಿದ್ದಳು. ಈಗ ಕಣ್ಣು ಮುಚ್ಚಿದರೂ ಆ ಕೋಣೆ ಹಾಗೇ ಎದುರಿಗೆ ಬರುತ್ತದೆ. ಬಾಗಿಲ ಬಳಿ ಅಂಗೈಯಷ್ಟಗಲದ ಚಪ್ಪಲಿಗಳ ರಾಶಿ, ಅದರಲ್ಲಿ ಯಾವ ಎಡಕ್ಕೆ ಯಾವ ಬಲ ಎಂದು ಸಂಜೆ ತಾಯಂದಿರು ಕೂತು ಹುಡುಕಬೇಕು. ಕಿಟಕಿಯಿಂದ ಇಳಿಯುವ ಬಿಸಿಲಿನಲ್ಲಿ ತೇಲುವ ಧೂಳು. ನಾನೇ ಕಾಲು ಕತ್ತರಿಸಿ ಗಿಡ್ಡ ಮಾಡಿಕೊಟ್ಟಿದ್ದ ಊಟದ ಮೇಜು. ಅದರ ಸುತ್ತ ಬಾಯಿ ಅರ್ಧ ತೆರೆದುಕೊಂಡು, ಮೂಗು ಸೋರಿದರೂ ಒರೆಸಿಕೊಳ್ಳುವ ವ್ಯವಧಾನವಿಲ್ಲದೆ ಕೂತ ಮಕ್ಕಳು. ಮೇಜಿನ ಮೇಲೆ ತುಂಡು ತುಂಡಾದ ಚಿತ್ರಗಳು.

ಅಕ್ಕನ ಶಾಲೆಯಲ್ಲಿ ಪಾಠವೆಂದರೆ ಮುಖ್ಯವಾಗಿ ಅದೇ. ಪಝಲ್ ಜೋಡಿಸುವುದು. ಹೊಸ ಮಗು ಬಂದಾಗ ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಕೂರದ ಜಾಗಕ್ಕೆ ಗುದ್ದಿ ಗುದ್ದಿ ಕೂರಿಸಲು ನೋಡುತ್ತಿತ್ತು. ಕೂರದಿದ್ದರೆ ಬಿಸಾಡಿ ಅಳುತ್ತಿತ್ತು. ಅಕ್ಕ ಪಕ್ಕದಲ್ಲಿ ಕೂತು, "ಅವಸರ ಇಲ್ಲ. ತಿರುಗ್ಸಿ ನೋಡು," ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಿದ್ದನ್ನು ನಾನು ಕಂಡಿಲ್ಲ. ಸ್ವಲ್ಪ ದಿನದಲ್ಲಿ ಅದೇ ಮಗು ತುಂಡನ್ನು ಎರಡು ಬೆರಳಲ್ಲಿ ಎತ್ತಿ, ಚಿನ್ನ ಪರೀಕ್ಷಿಸುವವರ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಮೆಲ್ಲಗೆ ಇಟ್ಟು, ಒಂದು ಉಸಿರು ಬಿಡುತ್ತಿತ್ತು. ಆ ಉಸಿರಿಗೆ ನಮ್ಮಕ್ಕನ ಮುಖ ಅರಳುವುದನ್ನು ನೋಡಬೇಕಿತ್ತು.

ತೊಂದರೆ ಬಂದದ್ದು ಮಹಡಿಯಿಂದ.

ಮಹಡಿಯ ಮೇಲೆ ಬಾಡಿಗೆಗಿದ್ದವರು ನಿವೃತ್ತ ಮೇಷ್ಟ್ರು. ಜೀವಮಾನವಿಡೀ ಮಕ್ಕಳ ಬಾಯಲ್ಲಿ ಮಗ್ಗಿ ಹೊರಡಿಸಿ ಹೊರಡಿಸಿ, ಅವರಿಗೆ ಆ ಸದ್ದು ಕೇಳದಿದ್ದರೆ ನಿದ್ದೆ ಬಾರದು. ಶಾಲೆಯ ಮೇಲಿನ ಮನೆ ಎಂದು ಆಸೆಯಿಂದ ಬಂದವರಿಗೆ ಕೆಳಗಿನಿಂದ ಒಂದು ಪಿಸುಮಾತೂ ಕೇಳಲಿಲ್ಲ. ಲೋಕದಲ್ಲಿ ಶಾಲೆಯ ಗಲಾಟೆಯ ಬಗ್ಗೆ ದೂರು ಕೊಟ್ಟವರು ಲಕ್ಷ ಮಂದಿ. ಶಾಲೆಯಲ್ಲಿ ಗಲಾಟೆಯೇ ಇಲ್ಲವೆಂದು ದೂರು ಕೊಟ್ಟ ಏಕೈಕ ಮಹಾನುಭಾವರು ನಮ್ಮ ಮಹಡಿ ಮೇಷ್ಟ್ರು.

ದೂರು ಹೋಗಿ ಇಲಾಖೆಯನ್ನು ಮುಟ್ಟಿತು. ಶಾಲೆಗಳನ್ನು ನೋಡಿಕೊಳ್ಳುವ ಸಾಹೇಬರು ಖುದ್ದಾಗಿ ಬಂದು ಪರೀಕ್ಷೆ ಮಾಡುತ್ತಾರೆಂದು ಸುದ್ದಿ ಬಂತು. ಇದನ್ನು ಕೇಳಿದ್ದೇ ತಡ, ಅಕ್ಕನ ಅತ್ತೆ ಸೆರಗು ಬಿಗಿದರು. ಮನೆ ಅವರದು. ಆ ಕೋಣೆಯನ್ನು ಹೊಲಿಗೆ ಅಂಗಡಿಗೆ ಕೊಡಬೇಕೆಂದು ಅವರಿಗೆ ಮೊದಲಿನಿಂದಲೂ ಆಸೆ.

"ನೋಡಮ್ಮ," ಎಂದರು ಸೊಸೆಗೆ. "ಸಾಹೇಬ್ರು ಸರಿ ಅಂದ್ರೆ ಇರ್ಲಿ, ನಾನು ಕೆಟ್ಟವಳಾಗಲ್ಲ. ಸರಿ ಇಲ್ಲ ಅಂದ್ರೆ ಆ ಮೇಜು ಕುರ್ಚಿ ಎಲ್ಲ ಹೊರಗೆ. ದರ್ಜಿಗೆ ಅವತ್ತೇ ಬಾ ಅಂದಿದೀನಿ, ಅಳತೆ ತಗೊಂಡು ಹೋಗ್ತಾನೆ."

"ಅವತ್ತೇನಾ ಅತ್ತೆ?"

"ಮತ್ತೆ? ಅವನಿಗೂ ಕೆಲಸ ಇರುತ್ತೆ."

ಅಕ್ಕ ನನ್ನ ಅಂಗಡಿಗೆ ಬಂದಳು. ಅವಳ ಹತ್ತಿರವಿದ್ದ ಪಝಲ್‌ಗಳೆಲ್ಲ ರಟ್ಟಿನವು, ಮಕ್ಕಳು ಜಗಿದು ಜಗಿದು ಅರ್ಧ ಹೊಟ್ಟೆಗೆ ಹೋಗಿದ್ದವು. ಒಂದು ಆನೆ ಇತ್ತು, ಅದರ ಸೊಂಡಿಲನ್ನು ಯಾರೋ ತಿಂದಿದ್ದರು.

"ಮರದಲ್ಲಿ ಎರಡು ಮಾಡಿಕೊಡೋ ತಮ್ಮಾ. ಸಾಹೇಬ್ರ ಮುಂದೆ ಮಕ್ಕಳು ಒಂದು ಚಿತ್ರಾನಾದ್ರೂ ಪೂರ್ತಿ ಮಾಡಿ ತೋರಿಸ್ಬೇಕು. ಈ ಕೋಣೆ ಹೋದ್ರೆ ಮತ್ತೆ ನನಗೆ ಇನ್ನೊಂದು ಸಿಗಲ್ಲ ಕಣೋ."

ಕೊನೆಯ ಮಾತನ್ನು ಅವಳು ನನ್ನನ್ನು ನೋಡದೆ, ಗೋಡೆಯ ಮೇಲಿನ ಖಾಲಿ ಕಟ್ಟುಗಳನ್ನು ನೋಡಿಕೊಂಡು ಹೇಳಿದಳು.

"ಎರಡು ಏನಕ್ಕ, ಇನ್ನೂರು ಕೇಳು," ಎಂದೆ ನಾನು. "ಸಾಹೇಬರು ನೋಡಿ ತಲೆತಿರುಗಿ ಬೀಳ್ಬೇಕು, ಹಂಗೆ ಮಾಡ್ತೀನಿ."

"ಬೀಳೋದು ಬೇಡ. ಸಹಿ ಹಾಕಿದ್ರೆ ಸಾಕು."

ಅಂಗಡಿಯಲ್ಲಿ ಯಾರೋ ಕಟ್ಟು ಹಾಕಲು ಕೊಟ್ಟು ಮರೆತುಹೋದ ಎರಡು ಕ್ಯಾಲೆಂಡರ್ ಚಿತ್ರಗಳಿದ್ದವು. ಒಂದರಲ್ಲಿ ಹುಲ್ಲುಗಾವಲಿನಲ್ಲಿ ನಿಂತ ಕಂದು ಕುದುರೆ. ಇನ್ನೊಂದರಲ್ಲಿ ಅಂಥದೇ ಹುಲ್ಲುಗಾವಲಿನ ದಾರಿಯಲ್ಲಿ ಸೈಕಲ್ ತುಳಿಯುತ್ತಿರುವ ಪೋಸ್ಟ್‌ಮ್ಯಾನ್. ಅಚ್ಚು ಹಾಕಿದವರು ಜಿಪುಣರು, ಒಂದೇ ಆಕಾಶವನ್ನೂ ಒಂದೇ ಹುಲ್ಲನ್ನೂ ಎರಡಕ್ಕೂ ಬಳಸಿದ್ದರು. ಚಿತ್ರಗಳನ್ನು ಪ್ಲೈವುಡ್ ಹಲಗೆಗಳಿಗೆ ಅಂಟಿಸಿದೆ. ಅಂಟು ಒಣಗುವವರೆಗೆ ನನ್ನ ಜಾಣತನದ ಬಗ್ಗೆ ಪಕ್ಕದ ಅಂಗಡಿಯವರಿಗೆ ವಿವರಿಸಿದೆ. ಆಮೇಲೆ ಕುಯ್ಯಲು ಕೂತೆ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಉಂಟು. ಜೋಡಿ ಚಿತ್ರಗಳು ಬಂದರೆ ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಮೂಲೆಗೆ ಸಣ್ಣ ಮೊಳೆ ಹೊಡೆದು, ಎರಡನ್ನೂ ಒಂದೇ ಸಲಕ್ಕೆ ಕುಯ್ಯುತ್ತೇವೆ. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಆಗುವುದಿಲ್ಲ. ಗೋಡೆಗೆ ತೂಗುಹಾಕಿದರೆ ಅವಳಿಜವಳಿ. ನಾನೂ ಹಾಗೆಯೇ ಕುದುರೆಯ ಮೇಲೆ ಪೋಸ್ಟ್‌ಮ್ಯಾನನ್ನು ಇಟ್ಟು, ಬಳುಕಿಸಿ ಬಳುಕಿಸಿ ಕುಯ್ದೆ. ಗರಗಸ ನೃತ್ಯ ಮಾಡಿತು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು, ಬಸ್ಸು ನಿಂತಿತು, ಡ್ರೈವರ್ ಇಳಿದು ಬಂದು ಕೈ ಮುಗಿದ. ಪ್ರತಿಯೊಂದು ತುಂಡಿಗೂ ಮರಳುಕಾಗದ ತಿಕ್ಕಿ, ತುಂಡು ಕೂರಿಸಲು ಎರಡು ಚಂದದ ಕಟ್ಟಿನ ತಟ್ಟೆ ಮಾಡಿ, ತುಂಡುಗಳನ್ನೆಲ್ಲ ಒಂದೇ ಚೀಲಕ್ಕೆ ಸುರಿದೆ. ಒಂದು ಚೀಲ ಸಾಕಾಗುವಾಗ ಎರಡೇಕೆ?

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಚೀಲದೊಂದಿಗೆ ಹೋದಾಗ ಮುಂಗೋಣೆಯಲ್ಲಿ ಆಗಲೇ ಸಭೆ ಸೇರಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಾಕ್ಷಿ ಹೇಳಲು ಬಂದವರ ಹಾಗೆ ಕೂತಿದ್ದರು. ಅತ್ತೆಯವರು ಒಳಬಾಗಿಲಲ್ಲಿ. ದರ್ಜಿ ಹೊರಬಾಗಿಲಲ್ಲಿ, ಕೊರಳಿಗೆ ಟೇಪು ಹಾಕಿಕೊಂಡು, ಗೋಡೆಯನ್ನು ಕಣ್ಣಿಂದಲೇ ಅಳೆಯುತ್ತಿದ್ದ.

ಸಾಹೇಬರು ಬಂದರು. ಅವರ ಶಿಸ್ತು ಎಂಥದೆಂದರೆ, ಗಡಿಯಾರಗಳು ಅವರನ್ನು ನೋಡಿ ಸಮಯ ಸರಿ ಮಾಡಿಕೊಳ್ಳಬೇಕು. ನಗು ಅವರ ಮುಖದ ಹತ್ತಿರ ಬಂದು, ಅನುಮತಿ ಇಲ್ಲವೆಂದು ತಿಳಿದು ಹಿಂದಿರುಗುತ್ತಿತ್ತು.

"ಏನು ಕಲಿಸ್ತೀರಮ್ಮ?"

"ಮಕ್ಕಳು ಪಝಲ್ ಜೋಡಿಸ್ತಾರೆ ಸಾರ್. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ನೋಡ್ತೀರ."

"ಹೂಂ ಸಾರ್."

ಮೇಷ್ಟ್ರು ಕೆಮ್ಮಿದರು. ಆ ಕೆಮ್ಮಿನಲ್ಲಿ ಒಂದು ಇಡೀ ಭಾಷಣವಿತ್ತು.

ಅಕ್ಕ ಒಬ್ಬ ಹುಡುಗನ ತಲೆಯ ಮೇಲೆ ಕೈಯಿಟ್ಟಳು. "ಇವನು ಬಂದಾಗ ಯಾರು ಹತ್ರ ಬಂದ್ರೂ ಕಚ್ತಿದ್ದ ಸಾರ್. ಈಗ ಪಕ್ಕದವರು ತುಂಡು ಇಡೋವರೆಗೂ ಕಾಯ್ತಾನೆ. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಬರ್ತಿರಲಿಲ್ಲ, ಬೆರಳಿಗೆ ಹಿಡಿತ ಬಂದ್ಮೇಲೆ ತಾನೇ ಹಾಕ್ಕೋತಾನೆ. ಕೂರ್ದಿದ್ರೆ ಬಿಸಾಡ್ತಿದ್ದ, ಈಗ ಇನ್ನೊಂದು ಹುಡುಕ್ತಾನೆ."

"ಕಚ್ಚೋದು ಬಿಟ್ಟ ಅಂತ ವರದಿಯಲ್ಲಿ ಬರೆಯೋಕೆ ಜಾಗ ಇಲ್ಲಮ್ಮ," ಎಂದರು ಸಾಹೇಬರು.

"ಮಗ್ಗಿ ಕೇಳಿ ಸಾರ್, ಮಗ್ಗಿ," ಎಂದರು ಮೇಷ್ಟ್ರು.

ಅಕ್ಕನ ಮುಖ ಬಿಳಿಚಿಕೊಂಡಿತು. ಇಂಥ ಸಂದರ್ಭಗಳಿಗೆಂದೇ ದೇವರು ನನ್ನನ್ನು ಸೃಷ್ಟಿಸಿರುವುದು. ನಾನು ಮುಂದೆ ಬಂದು, "ಸಾರ್, ಮೊದಲು ಈ ಕೆಲಸ ನೋಡಿ. ಇಂಥ ಕೆಲಸ ಸಮುದ್ರದ ಆಚೆ ಕೂಡ ಇಲ್ಲ," ಎಂದು ಎರಡೂ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಚೀಲವನ್ನು ಸುರಿದೆ.

ತುಂಡುಗಳು ಮಳೆಯ ಹಾಗೆ ಬಿದ್ದವು. ಮಕ್ಕಳು ಮುಂದಕ್ಕೆ ಸರಿದರು. ಆದರೆ ಅವರಿಗಿಂತ ಮುಂಚೆ ಮೇಷ್ಟ್ರ ಕೈ ಬಂದಿತ್ತು.

"ಇದರಲ್ಲಿ ಏನಿದೆ ವಿದ್ಯೆ? ನಾನೊಬ್ನೇ ಕಣ್ಣು ಮಿಟುಕಿಸೋದ್ರೊಳಗೆ ಮಾಡಿ ತೋರಿಸ್ತೀನಿ ಸಾರ್, ನೀವು ಕೂತ್ಕೊಳ್ಳಿ."

ಸಾಹೇಬರು ಕೂತರು. ಇದ್ದದ್ದು ಮಕ್ಕಳ ಕುರ್ಚಿ ಮಾತ್ರ. ಮಂಡಿ ಗಲ್ಲಕ್ಕೆ ತಾಗಿತು. ಹಾಗೆ ಕೂತಾಗ ಕಣ್ಣೆದುರಿಗೇ ಒಂದು ತುಂಡು ಬಿದ್ದಿತ್ತು. ಸುಮ್ಮನೆ ಎತ್ತಿದರು. ಸುಮ್ಮನೆ ಎರಡನೆಯ ತಟ್ಟೆಯ ಮೂಲೆಗೆ ಇಟ್ಟರು. ಅದು ಟಕ್ಕನೆ ಕೂತಿತು. ನನ್ನ ಕೆಲಸವಲ್ಲವೇ, ಕೂರದೆ ಎಲ್ಲಿಗೆ ಹೋಗುತ್ತದೆ? ಸಾಹೇಬರು ಆ ಕಡೆ ಈ ಕಡೆ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೊಂದು ಎತ್ತಿದರು. ಕೋಣೆಯವರೆಲ್ಲ ನೋಡುತ್ತಿದ್ದೆವು.

ಮೇಷ್ಟ್ರದು ಒಂದು ಪದ್ಧತಿ. ಓದುವುದು ಬರೆಯುವುದು ಎಡದಿಂದ ಬಲಕ್ಕೆ, ಆದ್ದರಿಂದ ಜೋಡಿಸುವುದೂ ಎಡದಿಂದ ಬಲಕ್ಕೆ. ಚಿತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆಕಾರ ನೋಡುವುದು, ಕೂರಿಸುವುದು. ಸಾಹೇಬರಿಗೆ ಪದ್ಧತಿ ಇರಲಿಲ್ಲ, ಹಟ ಮಾತ್ರ ಇತ್ತು. ಇಬ್ಬರ ಕೈಯೂ ಓಡತೊಡಗಿತು. ಮಕ್ಕಳು ಕೈ ಕಟ್ಟಿ ಸುತ್ತ ನಿಂತರು. ದರ್ಜಿ ಹೊಸ್ತಿಲು ದಾಟಿ ಒಳಗೆ ಬಂದ. ಸುತ್ತ ಹೇಳದೆ ಕೇಳದೆ ಒಂದು ಮೌನ ಹಬ್ಬಿತು. ಮೇಷ್ಟ್ರು ಯಾವ ಮೌನದ ಮೇಲೆ ದೂರು ಕೊಟ್ಟಿದ್ದರೋ ಅದೇ ಮೌನ, ಈಗ ಅವರೇ ಅದಕ್ಕೆ ಹೆಚ್ಚಿನ ಪಾಲು ಕೊಡುತ್ತಿದ್ದರು.

ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಮುಗಿಸಿದರು. ಒಂದು ಬಿರುಕಿಲ್ಲ, ಒಂದು ಸಂದಿಲ್ಲ. ಮೇಷ್ಟ್ರು ತಟ್ಟೆಯನ್ನು ಗೆದ್ದ ಢಾಲಿನ ಹಾಗೆ ಎತ್ತಿ ಹಿಡಿದರು.

ಹುಲ್ಲುಗಾವಲಿನ ದಾರಿಯಲ್ಲಿ ಒಂದು ಕುದುರೆ ಖಾಕಿ ಅಂಗಿ ತೊಟ್ಟು, ಹಿಂದಿನ ಚಕ್ರದ ಬದಲು ಬಾಲ ಬಿಟ್ಟುಕೊಂಡು ಸೈಕಲ್ ತುಳಿಯುತ್ತಿತ್ತು.

ಸಾಹೇಬರ ತಟ್ಟೆಯಲ್ಲಿ ಪೋಸ್ಟ್‌ಮ್ಯಾನ್ ನಾಲ್ಕು ಕಾಲಿನ ಮೇಲೆ ನಿಂತು, ಟೋಪಿ ಸರಿಮಾಡಿಕೊಂಡು, ಬಾಲದ ಬದಲು ಚಕ್ರ ತಿರುಗಿಸುತ್ತಿದ್ದ.

ಅಕ್ಕ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಒಟ್ಟಿಗೆ ಕುಯ್ದ ಹಲಗೆಗಳ ತುಂಡುಗಳು ಎಲ್ಲಿಗೆ ಬೇಕಾದರೂ ಕೂರುತ್ತವೆ ಎಂಬುದು ನನಗೆ ಮೊದಲೇ ಗೊತ್ತಿತ್ತು ಎಂದೇ ತಿಳಿಯತಕ್ಕದ್ದು. ನನ್ನಂಥ ಕಸುಬುದಾರನಿಗೆ ಗೊತ್ತಿಲ್ಲದೆ ಇದ್ದೀತೇ?

"ಇದ್ಯಾವ ಪ್ರಾಣಿ?" ಎಂದರು ಅತ್ತೆಯವರು.

"ಚಿತ್ರ ಬರೆದವನ ತಪ್ಪು," ಎಂದರು ಮೇಷ್ಟ್ರು ತಡಮಾಡದೆ. "ಬಿಗಿಯಾಗಿ ಕೂತಿದೆ ಅಂದ್ಮೇಲೆ ನನ್ನ ಉತ್ತರ ಸರಿ. ನೋಡಿ, ಅಲ್ಲಾಡಿಸಿದ್ರೂ ಬೀಳಲ್ಲ."

"ನಂದೂ ಬೀಳಲ್ಲ," ಎಂದರು ಸಾಹೇಬರು, ಸ್ವಲ್ಪ ಮಗುವಿನ ದನಿಯಲ್ಲಿ.

"ನಿಮ್ಮ ಪೋಸ್ಟ್‌ಮ್ಯಾನ್‌ಗೆ ಗೊರಸು ಇದೆ ಸಾರ್."

"ನಿಮ್ಮ ಪೋಸ್ಟ್‌ಮ್ಯಾನ್‌ಗೆ ಜೂಲು ಇದೆಯಲ್ರೀ."

ಆಗ ಗುಂಪಿನಿಂದ ಒಬ್ಬ ಹುಡುಗಿ ಮುಂದೆ ಬಂದಳು. ದಿನಸಿ ಅಂಗಡಿಯವನ ಮಗಳು, ವಾದ ಮಾಡುವ ಚಾಳಿಗೆ ಬೀದಿಯವರೆಲ್ಲ ಲಾಯರಮ್ಮ ಎಂದೇ ಕರೆಯುತ್ತಿದ್ದರು. ಎತ್ತರ ಮೇಜಿನಷ್ಟು. ಎರಡೂ ತಟ್ಟೆಗಳನ್ನು ನೋಡಿದಳು, ಮತ್ತೆ ನೋಡಿದಳು, ಆಮೇಲೆ ಮೇಷ್ಟ್ರ ಮಂಡಿ ತಟ್ಟಿದಳು.

"ತಾತ, ಕುದುರೆ ಸೈಕಲ್ ಹೊಡಿಯಲ್ಲ."

"ಕೂತಿದೆಯಲ್ಲಮ್ಮ, ನೋಡು."

"ಕೂತಿದೆ. ಆದ್ರೆ ಹೊಡಿಯಲ್ಲ. ಅದರ ಕಾಲು ಪೆಡಲ್‌ಗೆ ಎಟುಕಲ್ಲ."

ಜೀವಮಾನವಿಡೀ ಮಕ್ಕಳಿಂದ ಉತ್ತರ ಕೇಳಿಸಿಕೊಂಡವರು ಮೇಷ್ಟ್ರು, ಉತ್ತರ ಹೇಳಬೇಕಾದ ಸ್ಥಿತಿ ಅವರಿಗೆ ಹೊಸದು.

ಲಾಯರಮ್ಮ ಎರಡು ತಟ್ಟೆಗಳನ್ನೂ ಎಳೆದು ಪಕ್ಕಪಕ್ಕ ಇಟ್ಟಳು. ಕಚ್ಚುತ್ತಿದ್ದ ಹುಡುಗ ಅವಳ ಪಕ್ಕ ಬಂದು ನಿಂತ. ಇಬ್ಬರೂ ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ನೋಡಿದರು. ಮೇಷ್ಟ್ರು ಏನೋ ಹೇಳಹೊರಟಾಗ ಹುಡುಗ ತುಟಿಗೆ ಬೆರಳಿಟ್ಟ. ಆಮೇಲೆ ಒಂದು ತಟ್ಟೆಯಿಂದ ಕುದುರೆಯ ಮುಖ ಎತ್ತಿದ, ಇನ್ನೊಂದರಲ್ಲಿ ಅದೇ ಜಾಗದಿಂದ ಪೋಸ್ಟ್‌ಮ್ಯಾನ್ ಮುಖ ಎತ್ತಿದ, ಅದಲು ಬದಲು ಮಾಡಿಟ್ಟ. ಎರಡೂ ಟಕ್ ಟಕ್ ಎಂದು ಕೂತವು.

"ಇಲ್ಲಿದ್ದದ್ದು ಅಲ್ಲಿಗೆ," ಎಂದಳು ಲಾಯರಮ್ಮ ನಿಧಾನವಾಗಿ, ತನಗೆ ತಾನೇ. ಆಮೇಲೆ ಕಣ್ಣು ಅಗಲವಾದವು. "ಎಲ್ಲಾನೂ ಹಂಗೇ. ಇವೆರಡೂ ಅಣ್ಣ ತಮ್ಮ."

ನಾನು ಅಂಟು ಮೆತ್ತಿದ ಕೈಯಿಂದ ತಲೆ ಕೆರೆದುಕೊಂಡು ಗ್ರಹಿಸದೆ ಹೋದದ್ದನ್ನು, ಕ್ಷಮಿಸಿ, ಗ್ರಹಿಸಿಯೂ ಉದ್ದೇಶಪೂರ್ವಕವಾಗಿ ಗುಟ್ಟಾಗಿಟ್ಟಿದ್ದನ್ನು, ಆ ಮಗು ನೋಡುತ್ತ ನೋಡುತ್ತಲೇ ಹಿಡಿದುಬಿಟ್ಟಿತು.

"ತಾತ, ನಿಮ್ಮ ಬಾಲ ಕೊಡಿ," ಎಂದಳು ಮೇಷ್ಟ್ರಿಗೆ.

"ನಂದು ಮುಗಿದಿದೆ."

"ಅವರೂ ಚಕ್ರ ಕೊಡ್ತಾರೆ. ಅಲ್ವಾ ಸಾರ್?"

ಸಾಹೇಬರು ಚಕ್ರವನ್ನು ಬಿಗಿಯಾಗಿ ಹಿಡಿದಿದ್ದರು. ಲಾಯರಮ್ಮ ಅವರ ಪಕ್ಕ ಕೂತು, ಥೇಟ್ ನಮ್ಮಕ್ಕನ ದನಿಯಲ್ಲಿ, "ಅವಸರ ಇಲ್ಲ. ತಿರುಗ್ಸಿ ನೋಡಿ. ನಿಮಗೂ ಬರುತ್ತೆ," ಎಂದಳು.

ಸಾಹೇಬರು ತಿರುಗಿಸಿ ನೋಡಿದರು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಮೇಷ್ಟ್ರೂ ಇಳಿದರು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಎದೆಯೊಳಗೆ ಏನೋ ಬೆಚ್ಚಗಾಗುತ್ತದೆ. ಮಕ್ಕಳೂ ಮುದುಕರೂ ನೆಲದ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದರು. "ಇದು ಯಾರ ಕಾಲು?" "ಗೊರಸು ಇದ್ರೆ ನಮ್ಮದು." "ಈ ಹುಲ್ಲು ಗಾಢ, ಆ ಹುಲ್ಲು ತೆಳು." "ನಿಂದಾದ್ಮೇಲೆ ನಂದು." ಮೇಷ್ಟ್ರು ತುಂಡು ಗುದ್ದಿ ಕೂರಿಸಲು ಹೋದರೆ ಹುಡುಗ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದ. ದರ್ಜಿ ಬಾಗಿ ನೋಡಿ, ಅಂಗಿಯ ಖಾಕಿ ಬೇರೆ, ಕುದುರೆಯ ಕಂದು ಬೇರೆಯೆಂದು ತನ್ನ ಅನುಭವ ಹೇಳಿದ. ಅಂಗಿ ಕೂಡಿತು. ಕುದುರೆಯೂ ಆಯಿತು, ಪೋಸ್ಟ್‌ಮ್ಯಾನೂ ಆದ. ಬಾಕಿ ಉಳಿದದ್ದು ಆಕಾಶ.

ಆಕಾಶ ಕಷ್ಟ. ಎರಡೂ ಒಂದೇ ನೀಲಿ. ತುಂಡುಗಳನ್ನೆಲ್ಲ ಎತ್ತಿ ನೆಲದ ಮೇಲೆ ಹರಡಿದ್ದರು. ಒಳಬಾಗಿಲಲ್ಲಿದ್ದ ಅತ್ತೆಯವರು ಯಾವಾಗ ಬಂದು ಕೂತರೋ ಯಾರೂ ಗಮನಿಸಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

ಸಾಹೇಬರು ಎದ್ದು ಮಂಡಿಯ ಧೂಳು ಕೊಡವಿದರು. ನಾನು ಅಕ್ಕನನ್ನು ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

"ಅದಲು ಬದಲು ಮಾಡ್ಬೇಕು ಅಂತ ಯಾರು ಹೇಳಿಕೊಟ್ರು?" ಸಾಹೇಬರು ಮಕ್ಕಳನ್ನು ಕೇಳಿದರು.

ಲಾಯರಮ್ಮ ಹುಡುಗನನ್ನು ತೋರಿಸಿದಳು. ಹುಡುಗ ಲಾಯರಮ್ಮನನ್ನು ತೋರಿಸಿದ.

"ಮಿಸ್ ಹೇಳಿಕೊಡಲಿಲ್ವಾ?"

"ಇಲ್ಲ. ಮಿಸ್ ಸುಮ್ನೆ ಕೂತಿದ್ರು."

ಅಕ್ಕ ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರು ತಲೆ ಎತ್ತಿದರು. ಅವರ ದೂರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಆದರೆ ಅವರ ಕೈಯಲ್ಲಿ ಒಂದು ನೀಲಿ ತುಂಡಿತ್ತು, ಅದು ಎಲ್ಲಿಯದೆಂದು ಇನ್ನೂ ಗೊತ್ತಾಗಿರಲಿಲ್ಲ. ಮತ್ತೆ ತಲೆ ತಗ್ಗಿಸಿದರು.

"ಎಲ್ಲರಿಗೂ ಹೇಳಿಕೊಡೋಕೆ ಬರುತ್ತಮ್ಮ," ಎಂದರು ಸಾಹೇಬರು ಅಕ್ಕನಿಗೆ. "ಸುಮ್ನೆ ಕೂತ್ಕೊಳ್ಳೋಕೆ ಬರಲ್ಲ. ನನಗೇ ಬರಲಿಲ್ಲ, ನೋಡಿದ್ರಲ್ಲ. ಶಾಲೆ ನಡೀಲಿ." ಸಹಿ ಹಾಕಿದರು. ಬಾಗಿಲವರೆಗೆ ಹೋದವರು ತಿರುಗಿ, "ಆ ಮೇಲಿನ ಮೂಲೆಯಲ್ಲಿ ಮೋಡ ಬರಬೇಕು ಅನಿಸುತ್ತೆ," ಎಂದು ಹೇಳಿ ಹೊರಟುಹೋದರು.

ಅಕ್ಕ ನನ್ನ ಹತ್ತಿರ ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ನನ್ನ ಕಿವಿ ಹಿಡಿದು ಒಂದು ಸುತ್ತು ತಿರುಚಿದಳು. ಆ ನೋವು ಒಂದು ವಾರ ಇತ್ತು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸನ್ಮಾನ ಅದೇ. "ಇನ್ನೊಂದು ಜೋಡಿ ಬೇಕು," ಎಂದಳು. "ಹಿಂಗೇ ಕುಯ್ದು ಕೊಡು. ಬೇರೆ ಥರ ಬೇಡ."

"ನಾನು ಮೊದಲೇ ಯೋಚನೆ ಮಾಡಿ ಮಾಡಿದ್ದು ಅಕ್ಕ," ಎಂದೆ. ಅವಳು ಮತ್ತೊಂದು ಕಿವಿ ಹಿಡಿದಳು.

ಇಷ್ಟೆಲ್ಲದರ ನಡುವೆ ದರ್ಜಿಯನ್ನು ಎಲ್ಲರೂ ಮರೆತಿದ್ದೆವು. ಅವನು ಕೋಣೆಯ ನಡುವೆ ನಿಂತು, ಟೇಪಿನ ಒಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡು, ಸಾಹೇಬರು ಏನೇ ಬರೆದರೂ ಮನೆ ಯಾರದು ಎಂಬುದನ್ನು ಬಲ್ಲವನ ಹಾಗೆ, ಅತ್ತೆಯವರನ್ನೇ ಕೇಳಿದ.

"ಅಮ್ಮಾವ್ರೇ, ಹಾಗಾದ್ರೆ ಅಳತೆ ತಗೊಳ್ಳೋದಾ, ಬೇಡ್ವಾ?"

ಅಕ್ಕ ನಿಂತಲ್ಲೇ ನಿಂತಳು. ಅತ್ತೆಯವರು ತಲೆ ಎತ್ತಲಿಲ್ಲ. ನೆಲದ ಮೇಲೆ ಅಂಗೈ ಆಡಿಸುತ್ತ ಏನನ್ನೋ ಹುಡುಕುತ್ತಿದ್ದರು.

"ಕಾಲು ತೆಗಿಯಪ್ಪ," ಎಂದರು. "ಮೋಡದ ಮೇಲೆ ನಿಂತಿದೀಯ."